ಮೇ ತಿಂಗಳಲ್ಲಿ ಕೊಡಚಾದ್ರಿ: ಕಾಟಿಗೆ ಹೆದರಬೇಕಾ, ಬಿಸಿಲಿಗೆ ಹೆದರಬೇಕಾ?

ಪ್ರಶ್ನೆ: ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಮನೆ. ನನಗೆ 46 ವರ್ಷ. ಬಿಪಿಗೆ ದಿನಾ ಒಂದು ಮಾತ್ರೆ ಇದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದೇನೆ. ಕಳೆದ ಜನವರಿಯಲ್ಲಿ ನಾನು ಮತ್ತು ಭಾವ ಕೊಡಚಾದ್ರಿಗೆ ನಡೆದು ಹೋಗಿದ್ದೆವು. ಬೆಳಿಗ್ಗೆ ಕಾಡಿನೊಳಗೆ ತೋಡು (ಸಣ್ಣ ಹಳ್ಳ) ದಾಟಿ ದಾರಿ ತಿರುಗಿದಲ್ಲಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂಟಿ ಕಾಟಿ (ಕಾಡುಕೋಣ) ನಿಂತಿತ್ತು. ಭಾವ ಮೊಬೈಲು ತೆಗೆದು ವಿಡಿಯೋ ಮಾಡುತ್ತಾ ಎರಡು ಹೆಜ್ಜೆ ಮುಂದೆ ಹೋದರು. ಅದು ಬುಸ್ಸೆಂದು ಉಸಿರು ಬಿಟ್ಟು ಅಡ್ಡ ತಿರುಗಿ ನಿಂತಿತು. ನಾವು ಬಂದ ದಾರಿಯಲ್ಲೇ ಓಡಿದೆವು. ಈಗ ಮಗಳಿಗೆ ರಜೆ, ಅವಳಿಗೆ 14 ವರ್ಷ. ಮೇ ಮೂರನೇ ವಾರ ಅವಳನ್ನೂ ಕರೆದುಕೊಂಡು ಒಂದು ದಿನದ ಚಾರಣ ಮಾಡೋಣ ಅಂತಿದ್ದೇವೆ. ಹೆಂಡತಿಗೆ ಇಷ್ಟವಿಲ್ಲ. ಬೇಸಿಗೆಯಲ್ಲಿ ನೀರಿಲ್ಲದೆ ಪ್ರಾಣಿಗಳು ರೊಚ್ಚಿಗೆದ್ದಿರುತ್ತವೆ, ಕಾಳಿಂಗ ಮೊಟ್ಟೆ ಇಡುವ ಕಾಲ, ಅಟ್ಟಿಸಿಕೊಂಡು ಬರುತ್ತದೆ ಅನ್ನುತ್ತಾಳೆ. ಅತ್ತೆ ಬೆಳ್ಳುಳ್ಳಿ, ಇಂಗು ಕಟ್ಟಿಕೊಳ್ಳಿ, ಕೆಂಪು ಬಟ್ಟೆ ಹಾಕಬೇಡಿ ಅನ್ನುತ್ತಾರೆ. ಭಾವ ಪಟಾಕಿ, ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳೋಣ ಅನ್ನುತ್ತಾರೆ. ಹಾವಿನ ವಿಷಕ್ಕೆ ಇಂಜೆಕ್ಷನ್ ನಾವೇ ಒಯ್ಯಬಹುದಾ? ಇನ್ನೊಂದು ವಿಷಯ. ದಾರಿ ಬಂದ್ ಇದ್ದರೂ ಒಳದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ, ಸಾವಿರ ರೂಪಾಯಿ ಕೊಡಿ ಅಂತ ಒಬ್ಬರು ಹೇಳಿದ್ದಾರೆ. ಹೋಗಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಬೇಡಿ.

ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದು ಹೆಚ್ಚಾಗಿ ಕಾಡ್ಗಿಚ್ಚಿನ ಭಯಕ್ಕೆ. ಕುಮಾರಪರ್ವತ ಪ್ರತಿ ವರ್ಷ ಈ ಸಮಯದಲ್ಲಿ ಬಂದ್ ಆಗುತ್ತದೆ. ಉಳಿದ ಕಡೆ ಯಾವಾಗ ಮುಚ್ಚುತ್ತಾರೆ, ಯಾವಾಗ ತೆರೆಯುತ್ತಾರೆ ಅನ್ನುವುದು ಆಯಾ ವರ್ಷದ ಮಳೆ ಮತ್ತು ಬಿಸಿಲಿನ ಮೇಲೆ. ಒಣಗಿದ ಹುಲ್ಲುಗುಡ್ಡದಲ್ಲಿ ಬೆಂಕಿ ಬಿದ್ದರೆ ಅದು ಏರುಮುಖವಾಗಿ ಹೋಗುವ ವೇಗಕ್ಕೆ ಮನುಷ್ಯ ಓಡಲಾರ. ಕೊಲ್ಲೂರು ಕಡೆಯ ಕಾಡು ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದೇ ಅಪರಾಧ. ಕೇಸು, ದಂಡದ ಮಾತು ಪಕ್ಕಕ್ಕಿರಲಿ. ಗೇಟಿನಲ್ಲಿ ಹೆಸರು ಬರೆಸದೆ ಒಳಗೆ ಹೋದವರು ಕಾಲು ಮುರಿದುಕೊಂಡು ಬಿದ್ದರೆ ಹುಡುಕುವವರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಿರುವುದಿಲ್ಲ. ಒಳದಾರಿಯವನು ಕೇಸಿಗೆ ಹೆದರಿ ಫೋನ್ ಮಾಡಲಿಕ್ಕೂ ಹಿಂಜರಿಯುತ್ತಾನೆ. ಸಾವಿರ ರೂಪಾಯಿಗೆ ನೀವು ಕೊಂಡುಕೊಳ್ಳುವುದು ಇದನ್ನೇ. ಹೋಗುವ ವಾರ ಇಲಾಖೆಯ ವಲಯ ಕಚೇರಿಗೆ ಫೋನ್ ಮಾಡಿ ಕೇಳಿ. ದಾರಿ ತೆರೆದಿದ್ದರೆ ಮುಂದಿನ ಮಾತು ಓದಿ. ಮುಚ್ಚಿದ್ದರೂ ಓದಿ, ಬೇರೆ ದಾರಿಗಳೂ ಇವೆ.

ಈಗ ನಿಮ್ಮ ಮನೆಯವರ ಭಯ. ಬೇಸಿಗೆಯಲ್ಲಿ ಪ್ರಾಣಿಗಳು ರೊಚ್ಚಿಗೇಳುತ್ತವೆ ಅನ್ನುವ ಮಾತು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಬಿಸಿಲಿಗೆ ಪ್ರಾಣಿಯ ಸ್ವಭಾವ ಬದಲಾಗುವುದಿಲ್ಲ. ಬದಲಾಗುವುದು ಅದು ಇರುವ ಜಾಗ. ಮಳೆಗಾಲದಲ್ಲಿ ಕಾಡಿನ ತುಂಬ ನೀರು, ಕಾಟಿ ಎಲ್ಲಿ ಬೇಕಾದರೂ ಇರಬಹುದು. ಮೇ ತಿಂಗಳಲ್ಲಿ ಹೆಚ್ಚಿನ ತೋಡು ಒಣಗಿರುತ್ತವೆ. ಉಳಿದ ನಾಲ್ಕಾರು ಹೊಂಡಗಳ ಸುತ್ತ, ದಟ್ಟ ನೆರಳಿನಲ್ಲಿ ಪ್ರಾಣಿಗಳು ಸೇರುತ್ತವೆ. ಚಾರಣಕ್ಕೆ ಹೋದವರು ಮಾಡುವುದೂ ಅದನ್ನೇ ಅಲ್ವಾ? ಬಿಸಿಲಿಗೆ ಬಳಲಿ, ನೀರು ಕಂಡಲ್ಲಿ ಬ್ಯಾಗ್ ಇಳಿಸಿ, ಕಾಲು ಇಳಿಬಿಟ್ಟು ಕೂತು ತಿಂಡಿ ಬಿಚ್ಚುತ್ತಾರೆ. ಅಂದರೆ ಬೇಸಿಗೆಯಲ್ಲಿ ನಿಮಗೂ ಕಾಟಿಗೂ ಬೇಕಾಗಿರುವುದು ಒಂದೇ ಜಾಗ. ನೀವು ನೀರಿನ ಲೆಕ್ಕ ಸರಿಯಾಗಿ ಹಾಕಿ ಮನೆಯಿಂದಲೇ ಸಾಕಷ್ಟು ಹೊತ್ತುಕೊಂಡು ಹೋದರೆ ಹೊಂಡದ ಹತ್ತಿರ ಕೂರುವ ಕೆಲಸವೇ ಬರುವುದಿಲ್ಲ. ಪ್ರಾಣಿ ಎದುರಾಗುವ ಸಾಧ್ಯತೆ ಅರ್ಧ ಅಲ್ಲೇ ಕಮ್ಮಿಯಾಯಿತು. ನಾನು ಜನರನ್ನು ಬೆಟ್ಟ ಹತ್ತಿಸುವಾಗ ಇಡುವ ನಿಯಮ ಇಷ್ಟೇ: ತೋಡು ದಾಟಿ, ಬೇಕಾದರೆ ಮುಖ ತೊಳೆಯಿರಿ, ಆದರೆ ಊಟ ತೋಡಿನಿಂದ ಮೇಲೆ, ನಾಲ್ಕೂ ಕಡೆ ಕಾಣುವ ಜಾಗದಲ್ಲಿ.

ನಿಮ್ಮ ಕಾಟಿ ತೋಡಿನ ಪಕ್ಕದ ತಿರುವಿನಲ್ಲೇ ಸಿಕ್ಕಿತು, ಅದೂ ಬೆಳಿಗ್ಗೆ. ಅದಕ್ಕೆ ಕಾರಣ ಇದೆ. ಒಣಗಿದ ಕಾಡಿನಲ್ಲಿ ತರಗೆಲೆಯ ಮೇಲೆ ನಡೆದರೆ ಸದ್ದು ದೂರಕ್ಕೆ ಕೇಳುತ್ತದೆ. ನಾಲ್ಕು ಜನ ಬರುತ್ತಿದ್ದಾರೆ ಅಂತ ಪ್ರಾಣಿಗೆ ಮೊದಲೇ ಗೊತ್ತಾಗಿ ಅದು ದಾರಿ ಬಿಟ್ಟು ಸರಿಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ನೀರು ಹರಿಯುವಲ್ಲಿ ಮಾತ್ರ ಆ ಸದ್ದು ಮುಚ್ಚಿಹೋಗುತ್ತದೆ. ಎಲೆಯೂ ಒದ್ದೆ. ಇನ್ನೊಂದು, ಗಾಳಿ. ಕಾಟಿಗೆ ಕಣ್ಣಿಗಿಂತ ಮೂಗು ಚುರುಕು. ಬೆಳಗಿನ ಹೊತ್ತು ತಣ್ಣನೆ ಗಾಳಿ ಘಟ್ಟದಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ಬಿಸಿಲು ಏರಿದ ಮೇಲೆ ಅದು ತಿರುಗಿ ಕಡಲ ಕಡೆಯಿಂದ ಬೆಟ್ಟದ ಮೇಲಕ್ಕೆ ಬೀಸುತ್ತದೆ. ನಾವು ಕರಾವಳಿಯವರು ಪಶ್ಚಿಮದಿಂದ ಹತ್ತುವವರು. ಹಾಗಾಗಿ ಬೆಳಿಗ್ಗೆ ನಮ್ಮ ವಾಸನೆ ನಮ್ಮ ಹಿಂದಕ್ಕೆ ಹೋಗುತ್ತದೆ, ಮುಂದಿರುವ ಪ್ರಾಣಿಗೆ ಸಿಗುವುದಿಲ್ಲ. ಮಧ್ಯಾಹ್ನ ನಮಗಿಂತ ಮೊದಲೇ ಮೇಲೆ ಮುಟ್ಟಿರುತ್ತದೆ. ಬಿಸಿಲು ತಪ್ಪಿಸಲು ಬೇಗ ಹೊರಡಲೇಬೇಕು, ಆದರೆ ಆ ಹೊತ್ತಿನಲ್ಲೇ ಕಾಟಿ ಮೇಯುತ್ತಿರುತ್ತದೆ ಮತ್ತು ಅದಕ್ಕೆ ನಿಮ್ಮ ವಾಸನೆ ಹತ್ತುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ಟಾರ್ಚ್ ಹಿಡಿದು ಕತ್ತಲಲ್ಲಿ ಹೊರಡಬೇಡಿ, ಪೂರ್ತಿ ಬೆಳಕು ಹರಿಯಲಿ. ಕಾಡಿನ ಭಾಗದಲ್ಲಿ, ಮುಖ್ಯವಾಗಿ ತಿರುವು ಮತ್ತು ತೋಡಿನ ಹತ್ತಿರ, ಮಾಮೂಲಿ ದನಿಯಲ್ಲಿ ಮಾತಾಡುತ್ತಾ ನಡೆಯಿರಿ. ಕೂಗುವುದು ಬೇಡ, ಸ್ಪೀಕರಿನಲ್ಲಿ ಹಾಡಂತೂ ಬೇಡವೇ ಬೇಡ. ಮನುಷ್ಯರು ಬರುತ್ತಿದ್ದಾರೆ ಅಂತ ಗೊತ್ತಾದರೆ ಸಾಕು.

ಅಡ್ಡ ತಿರುಗಿ ನಿಂತಿತು ಅಂತ ಬರೆದಿದ್ದೀರಿ. ಅದು ನಿಮ್ಮನ್ನು ಬಿಟ್ಟು ಹೋಗಲು ತಿರುಗಿದ್ದಲ್ಲ. ಗಂಡು ಕಾಟಿ ಬೆನ್ನಿನ ದಿಣ್ಣೆಯನ್ನೂ ಮೈಯ ಪೂರ್ತಿ ಉದ್ದವನ್ನೂ ತೋರಿಸಿ ‘ನಾನೆಷ್ಟು ದೊಡ್ಡವನು ನೋಡು’ ಅನ್ನುವ ರೀತಿ ಅದು. ದೊಡ್ಡ ಹೋರಿ 900 ಕಿಲೋ ತೂಗುತ್ತದೆ, ತೋರಿಸಿಕೊಳ್ಳಲು ಬೇಕಾದಷ್ಟಿದೆ. ಮೊದಲು ತಲೆ ಎತ್ತಿ ದಿಟ್ಟಿಸುತ್ತದೆ. ಆಮೇಲೆ ಬುಸ್ಸೆನ್ನುವ ಉಸಿರು. ಆಮೇಲೆ ಅಡ್ಡ ನಿಲ್ಲುವುದು, ಕಾಲು ನೆಲಕ್ಕೆ ಕುಟ್ಟುವುದು, ತಲೆ ತಗ್ಗಿಸುವುದು. ನುಗ್ಗುವುದು ಸಾಮಾನ್ಯವಾಗಿ ಇದೆಲ್ಲ ಆದ ಮೇಲೆ, ಅದೂ ಅಪರೂಪಕ್ಕೆ. ನಿಮ್ಮ ಭಾವ ಮುಂದೆ ಹೋಗಿದ್ದು ಮೊದಲನೇ ಹಂತದಲ್ಲಿ. ಅಲ್ಲಿಗೇ ನಿಂತು, ಬೆನ್ನು ತಿರುಗಿಸದೆ, ನಿಧಾನವಾಗಿ ಹಿಂದೆ ಸರಿದು, ನಿಮಗೂ ಅದಕ್ಕೂ ನಡುವೆ ಒಂದು ದಪ್ಪ ಮರ ಬರುವ ಹಾಗೆ ನಿಂತಿದ್ದರೆ ಸಾಕಿತ್ತು. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ ಕಾಯಬೇಕಾಗುತ್ತದೆ. ಕಾಯಿರಿ. ಓಡಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ, ಇಪ್ಪತ್ತು ಹೆಜ್ಜೆಯಲ್ಲಿ ಕಾಟಿ ಕಂಡರೆ ಯಾರಿಗೂ ಕಾಲು ನಿಲ್ಲುವುದಿಲ್ಲ. ಆದರೆ ಕಲ್ಲು, ಬೇರಿನ ದಾರಿಯಲ್ಲಿ ಓಡಿ ಬಿದ್ದು ಕೈಕಾಲು ಮುರಿದುಕೊಂಡವರೇ ಜಾಸ್ತಿ.

ಹಿಂಡಿನಲ್ಲಿ ಕರು ಇದ್ದರೆ ಲೆಕ್ಕ ಬೇರೆ. ಆಗ ಹೆಣ್ಣು ಕಾಟಿಗೂ ಕರುವಿಗೂ ನಡುವೆ ಯಾವ ಕಾರಣಕ್ಕೂ ಹೋಗಬಾರದು. ಹಿಂಡು ದಾರಿ ದಾಟುತ್ತಿದ್ದರೆ ಕೊನೆಯದು ದಾಟಿತು ಅನ್ನಿಸಿದ ಮೇಲೂ ನಿಂತಿರಿ, ಹಿಂದೆ ಬಿದ್ದದ್ದು ಒಂದಾದರೂ ಇರುತ್ತದೆ. ಆನೆಯ ಮಾತು ಸುಬ್ರಹ್ಮಣ್ಯ, ಶಿರಾಡಿ, ಬಿಸಿಲೆ ಕಡೆಯ ಕಾಡಿಗೆ ಹೆಚ್ಚು ಹೊಂದುತ್ತದೆ. ಅಲ್ಲಿ ಹಸಿ ಲದ್ದಿ ಕಂಡರೆ ಆ ದಿನದ ಚಾರಣ ಮುಗಿಯಿತು ಅಂತ ತಿಳಿದುಕೊಳ್ಳಿ. ಚಿರತೆ ನಿಮ್ಮನ್ನು ನೋಡುತ್ತದೆ, ನೀವು ಅದನ್ನು ನೋಡುವುದಿಲ್ಲ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಗಳು ಮಾತ್ರ ಗುಂಪಿನ ನಡುವೆ ನಡೆಯಲಿ, ಮುಂದೆ ಓಡುವುದು ಬೇಡ.

ಭಾವನ ಪಟಾಕಿ ಮನೆಯಲ್ಲೇ ಇರಲಿ. ಒಣಗಿದ ಹುಲ್ಲಿನಲ್ಲಿ ಒಂದು ಕಿಡಿ ಸಾಕು. ಹೆದರಿದ ಕಾಟಿ ನಿಮ್ಮ ವಿರುದ್ಧ ದಿಕ್ಕಿಗೇ ಓಡುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಪೆಪ್ಪರ್ ಸ್ಪ್ರೇ ಹತ್ತು ಅಡಿ ಹಾರುವ ವಸ್ತು, ಗಾಳಿ ತಿರುಗಿದರೆ ನಿಮ್ಮ ಕಣ್ಣಿಗೇ ಬೀಳುತ್ತದೆ. ಕೆಂಪು ಬಟ್ಟೆಯ ಮಾತೂ ನಿಜವಲ್ಲ. ದನ, ಕಾಟಿಯಂಥ ಪ್ರಾಣಿಗಳಿಗೆ ಕೆಂಪು ಬಣ್ಣ ನಮಗೆ ಕಾಣುವ ಹಾಗೆ ಕಾಣುವುದೇ ಇಲ್ಲ. ಆದರೂ ತಿಳಿ ಬಣ್ಣದ ಬಟ್ಟೆ ಹಾಕಿ ಅಂತಲೇ ಹೇಳುತ್ತೇನೆ. ಅದರ ಕಾರಣ ಕಾಟಿಯಲ್ಲ, ಹೆಜ್ಜೇನು ಮತ್ತು ಉಣುಗು (ಉಣ್ಣಿ). ಆ ವಿಷಯಕ್ಕೆ ಬರುತ್ತೇನೆ.

ಮೊದಲು ಹಾವು. ಕಾಳಿಂಗ ಮಾರ್ಚಿನಿಂದ ಮೇವರೆಗೆ ಹೆಚ್ಚು ಓಡಾಡುವುದು ನಿಜ. ಕೂಡುವ ಕಾಲ ಅದು, ಗಂಡು ಹೆಣ್ಣನ್ನು ಹುಡುಕಿಕೊಂಡು ತೋಟಕ್ಕೂ ಬರುತ್ತದೆ, ಮನೆ ಹಿತ್ತಿಲಿಗೂ ಬರುತ್ತದೆ. ಆಮೇಲೆ ಹೆಣ್ಣು ತರಗೆಲೆ ಗುಡಿಸಿ ರಾಶಿ ಮಾಡಿ ಅದರೊಳಗೆ ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ಹೀಗೆ ಗೂಡು ಕಟ್ಟುವ ಹಾವು ಇದೊಂದೇ. ಹಾಗಾಗಿ ಬಿದಿರುಮೆಳೆಯ ಬುಡದಲ್ಲಿ ಯಾರೋ ಗುಡಿಸಿಟ್ಟ ಹಾಗೆ ಎಲೆ ಗುಡ್ಡೆ ಕಂಡರೆ ಕೋಲಿನಿಂದ ಕೆದಕಬೇಡಿ. ಅಟ್ಟಿಸಿಕೊಂಡು ಬರುತ್ತದೆ ಅನ್ನುವುದು ಮಾತ್ರ ಕಟ್ಟುಕತೆ. ಅದರ ಆಹಾರ ಕೇರೆಯಂಥ ಬೇರೆ ಹಾವುಗಳು, ಮನುಷ್ಯನಲ್ಲ. ಮೈಯ ಮೂರರಲ್ಲೊಂದು ಭಾಗ ಎತ್ತಿ ನಿಂತಾಗ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ, ಒಪ್ಪುತ್ತೇನೆ. ನೀವು ನಿಂತಲ್ಲೇ ನಿಂತು ಆಮೇಲೆ ಹಿಂದೆ ಸರಿದರೆ ಅದು ಇಳಿದು ತನ್ನ ದಾರಿ ಹಿಡಿಯುತ್ತದೆ. ಅಂದ ಹಾಗೆ, 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗವನ್ನು ವಿಜ್ಞಾನಿಗಳು ಬೇರೆಯೇ ಪ್ರಭೇದ ಅಂತ ಗುರುತಿಸಿದರು. ವೈಜ್ಞಾನಿಕ ಹೆಸರೂ ನಮ್ಮದೇ, ಓಫಿಯೋಫೇಗಸ್ ಕಾಳಿಂಗ. ಕಂಡರೆ ಮಗಳಿಗೆ ಹೇಳಿ.

ಹಾವಿನಿಂದ ಕಚ್ಚಿಸಿಕೊಳ್ಳುವವರಲ್ಲಿ ಹೆಚ್ಚಿನವರು ಚಾರಣಿಗರಲ್ಲ. ಗದ್ದೆ, ತೋಟ, ಮನೆಯಂಗಳದಲ್ಲಿ ಬರಿಗಾಲಲ್ಲಿ ಓಡಾಡುವವರು. ಪಾದ ಮುಚ್ಚುವ ಶೂ, ಉದ್ದ ಪ್ಯಾಂಟು, ಕಲ್ಲು ಅಥವಾ ಬಿದ್ದ ಮರದ ಆಚೆ ಏನಿದೆ ಅಂತ ನೋಡಿ ಕಾಲಿಡುವುದು, ಕಾಣದ ಜಾಗಕ್ಕೆ ಕೈ ಹಾಕದಿರುವುದು. ಇಷ್ಟು ಸಾಕು. ಬೆಳ್ಳುಳ್ಳಿ, ಇಂಗಿಗೆ ಹಾವು ದೂರ ಹೋಗುತ್ತದೆ ಅನ್ನಲು ಯಾವ ಆಧಾರವೂ ಇಲ್ಲ. ಅತ್ತೆಯವರಿಗೆ ಬೇಸರವಾಗಬಾರದು ಅಂದರೆ ಬೆಳ್ಳುಳ್ಳಿಯನ್ನು ಚಟ್ನಿ ಮಾಡಿ ಬುತ್ತಿಗೆ ಹಾಕಿಸಿಕೊಳ್ಳಿ.

ಇಂಜೆಕ್ಷನ್ ನೀವೇ ಒಯ್ಯುವುದು ಬೇಡ. ಹಾವಿನ ವಿಷಕ್ಕೆ ಕೊಡುವ ಔಷಧದಿಂದಲೇ ಕೆಲವರಿಗೆ ಜೀವಕ್ಕೆ ಅಪಾಯವಾಗುವಂಥ ಅಲರ್ಜಿ ಆಗುತ್ತದೆ. ಅದನ್ನು ನಿಭಾಯಿಸುವ ವ್ಯವಸ್ಥೆ ಇರುವುದು ಆಸ್ಪತ್ರೆಯಲ್ಲಿ. ಅಲ್ಲದೆ ನಮ್ಮ ದೇಶದಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಳಿಂಗಕ್ಕಾಗಲಿ, ಘಟ್ಟದ ಗುಳಿಮಂಡಲಗಳಿಗಾಗಲಿ ಮಾಡಿದ್ದಲ್ಲ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಗೆಜ್ಜೆ ತೆಗೆಯಿರಿ. ಕಾಲಿಗೆ ಕೋಲು ಕಟ್ಟಿ ಅಲುಗಾಡದ ಹಾಗೆ ಮಾಡಿ, ನಡೆಸದೆ ಹೊತ್ತು ತನ್ನಿ. ಕಚ್ಚಿದ ಸಮಯ ಬರೆದಿಡಿ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ. ಆಸ್ಪತ್ರೆಯಲ್ಲಿ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಾರೆ. ಬೆಟ್ಟ ಹತ್ತುವ ಮೊದಲೇ ಹತ್ತಿರದಲ್ಲಿ ಈ ಔಷಧ ಇರುವ ಆಸ್ಪತ್ರೆ ಯಾವುದು ಅಂತ ಫೋನ್ ಮಾಡಿ ಕೇಳಿಟ್ಟುಕೊಂಡರೆ ನೂರು ಬೆಳ್ಳುಳ್ಳಿಗಿಂತ ಮೇಲು.

ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲದ ಪ್ರಾಣಿಯ ಬಗ್ಗೆ ನನಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತೆ. ಅದು ಉಣುಗು. ಮಳೆಗಾಲದ ಇಂಬಳಕ್ಕೆ (ಜಿಗಣೆಗೆ) ಎಲ್ಲರೂ ಹೆದರುತ್ತಾರೆ, ಅದು ರಕ್ತ ಕುಡಿದು ಬೀಳುತ್ತದೆ ಅಷ್ಟೇ. ಬೇಸಿಗೆಯಲ್ಲಿ ಇಂಬಳ ಇಲ್ಲ, ಉಣುಗು ಇದೆ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಈಗ ನಮ್ಮ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚುಗಳಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ರೋಗ ಹರಡುವುದು ಹೆಚ್ಚಾಗಿ ಉಣುಗಿನ ಮರಿ. ಎಳ್ಳಿಗಿಂತ ಸಣ್ಣದು, ಕಪ್ಪು ಪ್ಯಾಂಟಿನ ಮೇಲೆ ಕಾಣುವುದೇ ಇಲ್ಲ. ತಿಳಿ ಬಣ್ಣ ಅಂದದ್ದು ಇದಕ್ಕೇ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ನೋಡಲು ಚೆಂದವಿಲ್ಲ, ಇರಲಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಬಂಡೆಯ ಮೇಲೆ ಕೂತುಕೊಳ್ಳಿ. ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಲು ಡೀಪಾ ಎಣ್ಣೆ ಕೊಡುತ್ತಾರೆ, ಸಿಕ್ಕರೆ ಹಚ್ಚಿಕೊಳ್ಳಿ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ನಿಲ್ಲಿಸಿದ್ದಾರೆ, ಅದನ್ನು ನಂಬಿ ಕೂರುವ ಹಾಗಿಲ್ಲ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೋಕ್ಕೂ ಬೇಡ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲೇ ಇರುತ್ತವೆ. ಅಲ್ಲಿಂದಲೇ ಹಿಂತಿರುಗಿ, ಇಲಾಖೆಗೆ ತಿಳಿಸಿ.

ಹೆಜ್ಜೇನು ಎರಡನೆಯದು. ಎತ್ತರದ ಬಂಡೆಯ ಮಗ್ಗುಲಲ್ಲಿ, ದೊಡ್ಡ ಮರದಲ್ಲಿ ಕಪ್ಪಗೆ ಜೋತು ಬಿದ್ದಿರುತ್ತದೆ. ಹೊಗೆ, ಕಲ್ಲು, ಗಾಢ ಬಣ್ಣ, ಗಾಢ ಸೆಂಟು ಅದಕ್ಕೆ ಆಗುವುದಿಲ್ಲ. ಒಂದು ಹುಳ ಕುಟುಕಿದರೆ ಆ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ, ಉಳಿದವಕ್ಕೆ ಅದೇ ಕರೆ. ಹಾಗಾಗಿ ಒಂದು ಕುಟುಕಿದ ಕೂಡಲೇ ಕೈ ಬೀಸುತ್ತಾ ನಿಲ್ಲಬೇಡಿ. ಬೈರಾಸಿನಿಂದ (ಟವೆಲಿನಿಂದ) ಮುಖ, ಕುತ್ತಿಗೆ ಮುಚ್ಚಿಕೊಂಡು ಅಲ್ಲಿಂದ ಓಡಿ. ಓಡಬೇಕಾದ ಒಂದೇ ಸಂದರ್ಭ ಇದು. ದಟ್ಟ ಪೊದೆಯೊಳಗೆ ನುಗ್ಗಿದರೆ ಬೆನ್ನು ಬಿಡುತ್ತವೆ. ನೀರಿಗೆ ಹಾರಬೇಡಿ, ಮೇಲೆ ಕಾಯುತ್ತಿರುತ್ತವೆ. ಮುಳ್ಳನ್ನು ಆದಷ್ಟು ಬೇಗ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತುವುದು ಶುರುವಾದರೆ ಒಂದೇ ಕುಟುಕಾಗಿದ್ದರೂ ತುರ್ತಾಗಿ ಆಸ್ಪತ್ರೆ ಸೇರಬೇಕು. ತುಂಬ ಹುಳ ಕುಟುಕಿದವರು ಆರಾಮವಾಗಿ ಕಂಡರೂ ತೋರಿಸಲೇಬೇಕು, ವಿಷ ಆಮೇಲೆ ಕಿಡ್ನಿಗೆ ಹೊಡೆಯಬಹುದು.

ಇನ್ನು ಬಿಸಿಲು. ಮನೆಯಲ್ಲಿ ಯಾರೂ ಹೆದರದ ವಿಷಯ ಇದು, ನಾನು ಬೆಟ್ಟದಿಂದ ಜನರನ್ನು ಹೊತ್ತು ಇಳಿಸಿದ್ದು ಮಾತ್ರ ಇದರಿಂದಲೇ ಜಾಸ್ತಿ.

ಕೊಡಚಾದ್ರಿಯ ಎತ್ತರ 1,343 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅನ್ನುವುದು ಲೆಕ್ಕ. ಉಡುಪಿಯಲ್ಲಿ 34 ಇದ್ದರೆ ಮೇಲೆ 25ರ ಹತ್ತಿರ. ಗಾಳಿ ಬೇರೆ. ಆಹಾ, ತಂಪು ಅನ್ನಿಸುತ್ತದೆ. ಸುಸ್ತಾದ ಮೈಯಲ್ಲಿ, ಖಾಲಿಯಾಗುತ್ತಿರುವ ಬಾಟಲಿ ಹಿಡಿದು ಮಧ್ಯಾಹ್ನ ಎರಡು ಗಂಟೆಗೆ ಇಳಿಯಲು ಶುರು ಮಾಡಿದಾಗ ಪ್ರತಿ ಹೆಜ್ಜೆಗೂ ಸೆಕೆ ಏರುತ್ತಾ ಹೋಗುತ್ತದೆ. ಕೆಳಗಿನ ಕಾಡಿನಲ್ಲಿ ಗಾಳಿ ಆಡುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೂ ಇಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಜನ ಕುಸಿಯುವುದು ಹತ್ತುವಾಗ ಅಲ್ಲ, ಇಳಿಯುವಾಗ. ಅದಕ್ಕೆ ನೀರಿನ ಲೆಕ್ಕವನ್ನು ಇಳಿಯುವುದಕ್ಕೆ ಹಾಕಿ. ತಲೆಗೆ ಮೂರರಿಂದ ನಾಲ್ಕು ಲೀಟರ್, ಅದರಲ್ಲಿ ಅರ್ಧ ತುದಿ ಮುಟ್ಟಿದಾಗಲೂ ಉಳಿದಿರಬೇಕು. ಬರೀ ನೀರೇ ಕುಡಿಯುತ್ತಾ ಹೋದರೆ ಉಪ್ಪು ಕಮ್ಮಿಯಾಗಿ ಇನ್ನೊಂದು ತೊಂದರೆ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಸರಿಯಾಗಿ ಅಳೆದು. ಉಪ್ಪು ಹಾಕಿದ ಮಜ್ಜಿಗೆ ಅಥವಾ ಪುನರ್ಪುಳಿ ಶರಬತ್ತೂ ಆಗುತ್ತದೆ. ಹೊರಡುವ ಮೊದಲು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಂಡರೆ ಪೇಟೆಯ ಎನರ್ಜಿ ಡ್ರಿಂಕ್ ಬೇಕಾಗಿಲ್ಲ. ತೋಡಿನ ನಿಂತ ನೀರು ಕುಡಿಯಬೇಡಿ.

ಯಾರಾದರೂ ಸಂಬಂಧವಿಲ್ಲದ ಮಾತಾಡಲು ಶುರು ಮಾಡಿದರೆ, ಸಿಡುಕಿದರೆ, ಕಾಲು ತಡವರಿಸಿದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಅನ್ನುವ ನಂಬಿಕೆ ತಪ್ಪು. ನಡೆದು ದಣಿದವರಿಗೆ ಬೆವರುತ್ತಿರುವಾಗಲೇ ಆಗುತ್ತದೆ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಇದ್ದ ನೀರೆಲ್ಲ ಮೈಮೇಲೆ ಸುರಿದು ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೊದಲು ಮೈ ತಣಿಸುವುದು, ಆಮೇಲೆ ಹೊತ್ತು ಇಳಿಸುವುದು. 108ಕ್ಕೆ ಫೋನ್ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಹತ್ತುವಾಗಲೇ ನೋಡಿಕೊಂಡಿರಿ.

ನಿಮ್ಮ ಬಿಪಿ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಚೀಟಿ ನೋಡಿ. ಮೂತ್ರ ಹೆಚ್ಚಿಸುವ ಮಾತ್ರೆ ಅದರಲ್ಲಿ ಸೇರಿದ್ದರೆ ಮೈಯ ನೀರು, ಉಪ್ಪು ಎರಡೂ ಬೇಗ ಖಾಲಿಯಾಗುತ್ತವೆ. ಹೆಸರು ‘ಲೋಲ್’ ಅಂತ ಕೊನೆಯಾಗಿದ್ದರೆ, ಅಟೆನೋಲೋಲ್, ಮೆಟೊಪ್ರೊಲೋಲ್ ಥರ, ಅದು ಎದೆಬಡಿತ ಏರದ ಹಾಗೆ ಹಿಡಿದಿಡುತ್ತದೆ. ಆಗ ಕೈಗಡಿಯಾರದಲ್ಲಿ ಕಾಣುವ ಸಂಖ್ಯೆ ನಂಬಿ ‘ನಾನು ಆರಾಮಾಗಿದ್ದೇನೆ’ ಅಂದುಕೊಳ್ಳುವ ಹಾಗಿಲ್ಲ. ಮಾತ್ರೆ ನೀವಾಗಿ ಬಿಡಬೇಡಿ. ನಿಮ್ಮ ಡಾಕ್ಟರಿಗೆ ‘ಮೇಯಲ್ಲಿ ಆರೇಳು ಗಂಟೆ ನಡೆಯುತ್ತೇನೆ’ ಅಂತ ಸ್ಪಷ್ಟವಾಗಿ ಹೇಳಿ ಕೇಳಿ. ಸುಮ್ನೆ ‘ಟ್ರೆಕ್ಕಿಂಗ್ ಹೋಗಬಹುದಾ’ ಅಂದರೆ ಅವರೂ ಸುಮ್ನೆ ‘ಹೋಗಿ’ ಅನ್ನುತ್ತಾರೆ.

ಮೇ ಮೂರನೇ ವಾರ ಅಂದರೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನ, ಹತ್ತಿರ ಬಂದ ಹೊತ್ತು. ಮಧ್ಯಾಹ್ನದ ಮೇಲೆ ಘಟ್ಟದ ತಲೆಯಲ್ಲಿ ಮೋಡ ಕಟ್ಟಿ ಗುಡುಗು, ಸಿಡಿಲು ಬರುವುದು ಮಾಮೂಲು. ಕೊಡಚಾದ್ರಿ ತುದಿಯ ಸರ್ವಜ್ಞ ಪೀಠದ ಹತ್ತಿರದ ಬೋಳು ಏಣಿನ ಮೇಲೆ ಆಗ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಏಣು ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಬಿಸಿಲು, ಸಿಡಿಲು ಎರಡಕ್ಕೂ ಸೇರಿಸಿ ಒಂದೇ ನಿಯಮ ಇಡಿ: ಎಲ್ಲೇ ಇದ್ದರೂ ಹನ್ನೊಂದು ಗಂಟೆಗೆ ಹಿಂತಿರುಗುವುದು. ತುದಿ ಹತ್ತು ನಿಮಿಷ ದೂರ ಇದ್ದರೂ.

ಹಾಗಾದರೆ ಏನು ಮಾಡಬೇಕು? ನನ್ನನ್ನು ಕೇಳಿದರೆ ಪೂರ್ತಿ ಕಾಲ್ನಡಿಗೆಯ ಕೊಡಚಾದ್ರಿಯನ್ನು ನವೆಂಬರ್‌ವರೆಗೆ ಮುಂದೂಡಿ. ಆಗ ಹುಲ್ಲು ಹಸಿರು, ಇಂಬಳ ಕಮ್ಮಿ, ಬಿಸಿಲೂ ಹಿತ. ಕಾಟಿಯನ್ನು ಬಯಲಿನಲ್ಲಿ ದೂರದಿಂದ ನೋಡಲು ಅದೇ ಒಳ್ಳೆ ಕಾಲ. ಮಗಳಿಗೆ ರಜೆ ಈಗಲೇ ಇರುವುದರಿಂದ ಈಗಲೇ ಹೋಗಬೇಕು ಅಂದರೆ, ದಾರಿ ತೆರೆದಿದ್ದರೆ, ಕೊಲ್ಲೂರಿನಿಂದ ಜೀಪಿನಲ್ಲಿ ಬೆಳಿಗ್ಗೆ ಬೇಗ ಮೇಲೆ ಹೋಗಿ. ಜೀಪು ನಿಲ್ಲುವಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದು ಹನ್ನೊಂದಕ್ಕೆ ಮರಳಿ ಬನ್ನಿ. ಜೀಪಿನ ದಾರಿಯಲ್ಲಿ ಸೊಂಟದ ಕೀಲು ಸಡಿಲವಾಗುತ್ತದೆ, ಬೆನ್ನು ನೋವಿನವರಿಗೆ ಹೇಳಿಸಿದ್ದಲ್ಲ. ಆದರೆ ಇಳಿಯುವಾಗಿನ ಸೆಕೆಯ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ನಡೆದೇ ಹೋಗುತ್ತೇವೆ ಅನ್ನುವುದಾದರೆ ಅನುಮತಿ, ಸ್ಥಳೀಯ ಗೈಡ್, ಹನ್ನೊಂದರ ನಿಯಮ ಈ ಮೂರೂ ಬೇಕು. ತುದಿ ಮುಟ್ಟದೆ ವಾಪಸಾಗುವ ಮನಸ್ಸೂ ಬೇಕು. ನಿಮ್ಮ ಭಾವನ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದೆ, ತಪ್ಪು ತಿಳಿಯಬೇಡಿ.

ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿರ ಇದೆ ಅಂತ ಯಾರಾದರೂ ಹೇಳಬಹುದು. ಮೇಯಲ್ಲಿ ಬೇಡ. 1,800ಕ್ಕೂ ಹೆಚ್ಚು ಮೆಟ್ಟಿಲು, ಮೇಲಿನ ಭಾಗದಲ್ಲಿ ಬರೀ ಬಂಡೆ. ಕಾದ ಕಲ್ಲು ಮೇಲಿನಿಂದಲೂ ಪಕ್ಕದಿಂದಲೂ ಸುಡುತ್ತದೆ. ಮಗಳ ಕಾಲಿನ ಶಕ್ತಿ ನೋಡಬೇಕು ಅಂದರೆ ಬಂಟ್ವಾಳದ ಕಾರಿಂಜಕ್ಕೆ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ಮೆಟ್ಟಿಲು ಹತ್ತಿದ್ದೂ ಆಯಿತು, ದೇವರ ದರ್ಶನವೂ ಆಯಿತು. ಮಂಗಗಳು ಬೇಕಾದಷ್ಟಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಮಾತ್ರ ಹಿಡಿಯಬೇಡಿ.

ಎಲ್ಲಿಗೇ ಹೋಗಿ ಬಂದರೂ ಆ ದಿನವೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಮೈ ತೊಳೆಯಿರಿ. ಕಂಕುಳು, ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದೆ, ಮಗಳ ಕೂದಲಿನೊಳಗೆ ಉಣುಗು ಇದೆಯಾ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಮಂಗನ ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದಲ್ಲಿ ಏಕಾಏಕಿ ಜ್ವರ, ತಲೆನೋವು, ವಿಪರೀತ ಮೈಕೈ ನೋವಿನಿಂದ ಶುರುವಾಗುತ್ತದೆ. ಹಾಗಾಗಿ ಎರಡು ವಾರದೊಳಗೆ ಯಾರಿಗೆ ಜ್ವರ ಬಂದರೂ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ಡಾಕ್ಟರ ಹತ್ತಿರ ಹೋದ ಕೂಡಲೇ, ಅವರು ಕೇಳದಿದ್ದರೂ, ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆವು ಅಂತ ಹೇಳಿ.